ಲಗಮಣ್ಣ ಎತ್ತಿದ ಭಂಡಾರ

ಹಾಲಸಿದ್ದನ ಗುಡಿಯ ಮುಂದೆ ಭಂಡಾರದ ಅರಿಶಿಣ ಎತ್ತಿ ಆಣೆ ಮಾಡಿದಾಗ ಲಗಮಣ್ಣನ ಮನಸ್ಸಿನಲ್ಲಿದ್ದದ್ದು ತಂಬಾಕು ಒಂದೇ. ಎಂಬತ್ತೆರಡರ ಆ ಬೇಸಿಗೆಯಲ್ಲಿ ನಿಪ್ಪಾಣಿಯ ವ್ಯಾಪಾರಿಗಳು ಹಟಕ್ಕೆ ಬಿದ್ದು ರೈತರ ಮಾಲು ಎತ್ತದೆ ಕುಳಿತಿದ್ದರು. ಊರಿನ ಪಡಸಾಲೆಗಳಲ್ಲೆಲ್ಲ ಚೀಲಗಳು ಘಾಟು ಬಿಡುತ್ತ ಬಿದ್ದಿದ್ದವು. ರೈತ ಸಂಘದ ಮುಂದಾಳು ಆಬಾಸಾಹೇಬ, ಕೊಲ್ಹಾಪುರದಲ್ಲಿ ಓದಿ ಬಂದವನು, ಅರಿಶಿಣದ ತಟ್ಟೆ ಹಿಡಿದು ಎಲ್ಲರಿಂದಲೂ ಮರಾಠಿಯಲ್ಲಿ ಹೇಳಿಸಿದ: "ಉಠಾವ ಹೋಯೀಪರ್ಯಂತ ಮಾಘಾರ ನಾಹೀ." ಉಠಾವ ಆಗುವವರೆಗೆ, ಅಂದರೆ ವ್ಯಾಪಾರಿಗಳು ಮಾಲು ಕೊಂಡು ಎತ್ತುವವರೆಗೆ, ಹಿಂದೆ ಸರಿಯುವುದಿಲ್ಲ ಎಂದು ಲಗಮಣ್ಣ ತಿಳಿದ.

ಭಂಡಾರ ಮುಟ್ಟಿ ಆಡಿದ ಮಾತು ತಪ್ಪಿದರೆ ಪೆಟ್ಟು ಮಕ್ಕಳಿಗೆ ಬೀಳುತ್ತದೆಂದು ಆ ಊರಲ್ಲಿ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಲಗಮಣ್ಣನಿಗೆ ಒಬ್ಬಳೇ ಮಗಳು, ಅಕ್ಕವ್ವ. ಆಗಷ್ಟೇ ಶಾಲೆಗೆ ಹೋಗತೊಡಗಿದ್ದಳು.

ಸೋಮವಾರ ಮುಂಜಾನೆ ಎಲ್ಲರೂ ನಿಪ್ಪಾಣಿಯ ವ್ಯಾಪಾರಿಗಳ ದೊಡ್ಡ ವಖಾರಿಯ, ತಂಬಾಕಿನ ಗೋದಾಮಿನ, ಹಿಂದೆ ಸೇರಿದರು. ಆಬಾಸಾಹೇಬ ಗೋಣಿಚೀಲ ಬಿಚ್ಚಿ ಎರಡು ಡಬ್ಬಿ ಹೊರತೆಗೆದ. ಚಿಮಣಿ ಎಣ್ಣೆಯ ವಾಸನೆ ಬಂತು.

"ಇದೇನೋ?" ಲಗಮಣ್ಣ ಕೇಳಿದ.

"ಉಠಾವ, ಕಾಕಾ."

"ಉಠಾವಕ್ಕ ಲಾರಿ ಬೇಕಲೇ, ಎಣ್ಣಿ ಯಾಕ?" ಎಂದು ಜೊತೆಗಿದ್ದ ರೈತ ಭೀಮಗೊಂಡ ನಕ್ಕ. "ದೀಪಾ ಹಚ್ಚಿ ಮಾಲ್ ಒಯ್ತಾರೇನು?"

ಆಬಾಸಾಹೇಬ ನಗಲಿಲ್ಲ. "ಉಠಾವ ಅಂದ್ರ ಬಂಡಾಯ. ಅರ್ಜಿ ಕೊಟ್ವಿ, ಮೋರ್ಚಾ ತಗದ್ವಿ, ಲಾಠಿ ತಿಂದ್ವಿ. ನಮ್ಮಪ್ಪನ ತಂಬಾಕಕ್ಕೂ ಬೂಸು ಹಿಡದೈತಿ. ಇನ್ನ ಈ ವಖಾರಿ ಉರೀಬೇಕು."

"ಪ್ಯಾಟ್ಯಾಗ ಉಠಾವ ಅಂದ್ರ ಮಾಲ್ ಎತ್ತೂದು! ನಾವು ಹಂಗ ತಿಳದು ಅಂದೇವಿ," ಎಂದ ಲಗಮಣ್ಣ.

"ನೀವ್ ಹೆಂಗರ ತಿಳೀರಿ. ಭಂಡಾರ ಎತ್ತೀರಿ. ಹಿಂದ ಸರದ್ರ ಏನಾಕ್ಕೈತಿ ನಾ ಹೇಳಬೇಕೇನು?"

ಲಗಮಣ್ಣನಿಗೆ ಮಗಳ ಎಣ್ಣೆ ಹಚ್ಚಿದ ತಲೆ ಕಣ್ಣ ಮುಂದೆ ಬಂತು. ವಖಾರಿಯ ಒಳಗಿನಿಂದ ಹೆಂಗಸರು ಜರಡಿ ಹಿಡಿದು ತಂಬಾಕು ಚಾಳಿಸುವ ಸದ್ದು ಕೇಳುತ್ತಿತ್ತು. ಅವರಲ್ಲಿ ಅವನ ಹೆಂಡತಿ ಕಾಳವ್ವನೂ ಇದ್ದಳು.

"ಒಳಗ ಹೆಣ್ಮಕ್ಕಳದಾರ."

"ಮೊದಲ ಅವರನ್ನ ಹೊರಗ ಕರೀತೇವಿ."

"ನಾಳಿಂದ ಅವರು ಎಲ್ಲಿ ದುಡೀಬೇಕು?"

ಲಗಮಣ್ಣ ಜೊತೆಗೆ ಬಂದಿದ್ದ ಗುಡಿಯ ಪೂಜಾರಿಯ ಕಡೆ ತಿರುಗಿದ. "ಮುತ್ತ್ಯಾ, ನೀ ಹೇಳು. ದೇವರು ಯಾವ ಉಠಾವ ಕೇಳ್ಯಾನ?"

ಮುದುಕ ಕಂಬಳಿ ಸರಿಪಡಿಸಿಕೊಂಡ. "ನಾ ಭಂಡಾರ ಕೊಡಾಂವ ತಮ್ಮಾ, ಅರ್ಥ ಕೊಡಾಂವಲ್ಲ. ಎತ್ತಿದಾಂವ ನೀ."

ಲಗಮಣ್ಣನಿಗೆ ಸಿಟ್ಟು ಬಂತು. ಕೇಳಿದ್ದಕ್ಕೆ ಉತ್ತರ ಸಿಕ್ಕಿರಲಿಲ್ಲ. ಮನೆಗೆ ಹೋದರೆ ಆಣೆ ಮುರಿದಂತೆ. ಬೆಂಕಿ ಹಚ್ಚಿದರೆ ತಾನು ಆಡದ ಮಾತನ್ನು ನಡೆಸಿದಂತೆ. ಅವನು ರುಮಾಲು ಬಿಗಿಯಾಗಿ ಸುತ್ತಿಕೊಂಡು ವಖಾರಿಯನ್ನು ಬಳಸಿ ಮುಂಬಾಗಿಲಿಗೆ ಬಂದ. ಹೊಸ್ತಿಲ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕಾಲು ಚಾಚಿ ಕುಳಿತ.

"ಏಳ್ರಿ ಕಾಕಾ," ಹಿಂದೆಯೇ ಬಂದ ಆಬಾಸಾಹೇಬ ಹೇಳಿದ.

"ಏಳಂಗಿಲ್ಲ. ನಮ್ಮ ಮಾಲ್ ಎತ್ತೋತನಕ ಈ ಬಾಗಿಲಾ ಬಿಡಂಗಿಲ್ಲ. ನಾ ಎತ್ತಿದ ಭಂಡಾರ ಇದು. ಪೊಲೀಸರು ಬರಲಿ, ವ್ಯಾಪಾರಿ ಬರಲಿ. ನಿಂದು ಬ್ಯಾರೆ ಇದ್ರ ನಾ ಕುಂತಲ್ಲೇ ಹಚ್ಚು."

"ನಿಮ್ಮನ್ನ ನಾಯಿಗತೆ ಎಳದ ಒಗೀತಾರ."

"ಒಗೀಲಿ. ಮತ್ತ ಬಂದು ಕುಂದ್ರತೇನಿ."

ಆಬಾಸಾಹೇಬ ಡಬ್ಬಿ ಹಿಡಿದೇ ನಿಂತಿದ್ದ. ಭೀಮಗೊಂಡ ತನ್ನ ಮೊಣಕಾಲನ್ನು ಬೈಯುತ್ತ ಬಂದು ಲಗಮಣ್ಣನ ಪಕ್ಕ ಕುಳಿತ. ಪೂಜಾರಿ ಕಂಬಳಿ ಹಾಸಿದ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು; ಕೆಲವರು ಬಂದರು, ಕೆಲವರು ಬರಲಿಲ್ಲ.

ಸದ್ದು ಕೇಳಿ ಕಾಳವ್ವ ಬಾಗಿಲು ತೆರೆದಳು. ಸೆರಗೆಲ್ಲ ತಂಬಾಕಿನ ಪುಡಿ.

"ಇಲ್ಯಾಕ ಕುಂತೀರಿ? ಮನಿಗೆ ಯಾವಾಗ ಬರ್ತೀರಿ?"

"ಗೊತ್ತಿಲ್ಲ," ಎಂದ ಲಗಮಣ್ಣ. "ಅಕ್ಕವ್ವನ್ನ ನೀನ ನೋಡ್ಕೊ. ಸಂಜಿಗೆ ರೊಟ್ಟಿ ಕಳಸು. ಇವರಿಗೂ ಸೇರಿಸಿ ಬಡಿ."