ಪಕ್ಕದ ಕೋಣೆಗೆ ಒಯ್ಯದ ಮಾತು

“ಆ ಮನುಷ್ಯ ಬಂದ್ರೆ ಏನೂ ಮಾತಾಡ್ಬೇಡಿ ಮೇಡಂ. ಅಯ್ಯೋ ಪಾಪ ಅಂತಲೂ ಅನ್ಬೇಡಿ. ಅದನ್ನೇ ತಪ್ಪೊಪ್ಪಿಗೆ ಅಂತ ಹಿಡ್ಕೊಂಡು ಕೂರ್ತಾರೆ,” ಎಂದ ಫೋನಿನಲ್ಲಿ ಸಂಧಾನ ಕೇಂದ್ರದ ವಿಮೆ ಕಂಪನಿಯ ವಕೀಲ. “ಕೋಣೆಯೊಳಗಿನ ಮಾತು ಗುಟ್ಟು. ಅಷ್ಟಂದು ಎದ್ದುಬಿಡಿ. ಕಾನೂನು ನಿಮ್ಮ ಕಡೆಗಿದೆ.”

ಕಾನೂನು ತನ್ನ ಕಡೆಗಿದೆ ಅಂತ ಸಂಧಾನಕಾರ್ತಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಹೊಸಬರಿಗೆ ಆ ಪಾಠ ಹೇಳಿಕೊಡುತ್ತಿದ್ದವಳೇ ಅವಳು, ಅದೂ ಹತ್ತೊಂಬತ್ತು ವರ್ಷದಿಂದ. ಫೋನಿಟ್ಟು ತಲೆಯೆತ್ತಿದರೆ ಸತ್ತವನ ತಮ್ಮ ಬಾಗಿಲಲ್ಲಿ ನಿಂತಿದ್ದ. ಶರ್ಟಿನ ಗುಂಡಿಗಳನ್ನು ಮೇಲೆಕೆಳಗೆ ಹಾಕಿಕೊಂಡಿದ್ದ.

ಅಣ್ಣತಮ್ಮಂದಿರದು ಕನ್ನಡಕದ ಅಂಗಡಿ. ತಮ್ಮ ಮುಂದೆ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದ. ಅಣ್ಣ ಹಿಂದಿನ ಕೋಣೆಯಲ್ಲಿ ಕೂತು ಮೂವತ್ತೊಂದು ವರ್ಷ ಗಾಜು ಉಜ್ಜಿದ್ದ. ತಮ್ಮನಿಗೆ ಅಂಗಡಿ ಮುಚ್ಚಬೇಕು, ಅಣ್ಣನಿಗೆ ಸುತರಾಂ ಬೇಡ. ಕೋರ್ಟು ಇಬ್ಬರನ್ನೂ ಇಲ್ಲಿಗೆ ಅಟ್ಟಿತ್ತು. ಒಂದೇ ಮೇಜಿಗೆ ಕೂರಿಸಿದರೆ ಕಿತ್ತಾಡುತ್ತಿದ್ದರು. ಅದಕ್ಕೇ ಅಣ್ಣನನ್ನು ಈ ಕೋಣೆಯಲ್ಲಿ, ತಮ್ಮನನ್ನು ಕಾರಿಡಾರಿನ ಆಚೆಗಿನ ಕೋಣೆಯಲ್ಲಿ ಕೂರಿಸಿ, ಆಕೆ ನಡುವೆ ಓಡಾಡಿದಳು. ಮಾತು ಹೊರುವುದೇ ಅವಳ ಕಸುಬು. ಇದ್ದದ್ದು ಇದ್ದ ಹಾಗೇ ಹೊತ್ತರೆ ಸಂಧಾನ ಆದಂತೆಯೇ! ಇಲ್ಲಿ “ಆ ಮುಠ್ಠಾಳನಿಗೆ ಹೇಳಿ” ಅಂತ ಶುರುವಾದದ್ದು ಅಲ್ಲಿಗೆ ಮುಟ್ಟುವ ಹೊತ್ತಿಗೆ “ನಿಮ್ಮ ಅಣ್ಣ ಏನು ಕೇಳ್ತಿದಾರೆ ಅಂದ್ರೆ” ಅಂತ ಆಗಿರುತ್ತಿತ್ತು. ಕಚೇರಿಯವರು ಅವಳಿಗೆ ಇಸ್ತ್ರಿ ಮೇಡಂ ಅಂತಲೇ ಹೆಸರಿಟ್ಟಿದ್ದರು. ಅವಳಿಗೂ ಅದರಲ್ಲಿ ಹೆಮ್ಮೆಯೇ ಇತ್ತು.

ಒಪ್ಪಂದ ಆಯಿತು. ಅಂಗಡಿ ಖಾಲಿ ಮಾಡಬೇಕಾಗಿದ್ದ ಹಿಂದಿನ ದಿನ ಅಣ್ಣ ತನ್ನ ಜೀವ ತಾನೇ ತೆಗೆದುಕೊಂಡ.

ತಮ್ಮ ಬಂದು ಕುರ್ಚಿಯ ಅಂಚಿನಲ್ಲಿ ಕೂತ. “ಜಗಳಕ್ಕೆ ಬಂದಿಲ್ಲ ಮೇಡಂ. ಒಂದೇ ಒಂದು ಕೇಳ್ಕೊಂಡು ಹೋಗ್ತೀನಿ. ಅವತ್ತು ಅಣ್ಣ ಇಲ್ಲಿ ಏನಂದ?”

“ಅದನ್ನ ಹೇಳೋ ಹಾಗಿಲ್ಲ. ನಿಯಮ.”

“ಸತ್ತೋನಿಗೆ ಇನ್ನೆಂಥಾ ನಿಯಮ?” ಅವನ ದನಿ ಏರಲಿಲ್ಲ. “ಒಂದು ಚೀಟಿ ಬರೆದಿಟ್ಟಿದಾನೆ. ‘ತಮ್ಮನಿಗೆ ಎಲ್ಲಾ ಗೊತ್ತಿದೆ’ ಅಂತ, ಅಷ್ಟೇ. ನಂಗೇನು ಗೊತ್ತಿತ್ತು ಮೇಡಂ? ಅತ್ತಿಗೆ ಅದನ್ನ ಕೈಲಿ ಹಿಡ್ಕೊಂಡು, ‘ಗೊತ್ತಿದ್ದೂ ಹೀಗೆ ಮಾಡಿದೆಯಲ್ಲೋ’ ಅಂತ ಕೇಳ್ತಾರೆ. ಹೆಣದ ಹತ್ರ ಬಿಡ್ಲಿಲ್ಲ ನನ್ನ. ಮಕ್ಕಳು ಚಿಕ್ಕಪ್ಪ ಅಂತ ಕರೆಯೋದನ್ನೂ ಬಿಟ್ಟಿದಾವೆ.”

ಆಕೆಯ ಬಾಯಿ ಅಭ್ಯಾಸ ಬಿಡಲಿಲ್ಲ. “ನಿಮ್ಮಣ್ಣನಿಗೆ ಅಂಗಡಿ ಮೇಲೆ ತುಂಬಾ ಅಭಿಮಾನ ಇತ್ತು. ಸ್ವಲ್ಪ ಟೈಮ್ ಬೇಕು ಅಂತ…”

“ಇದನ್ನ ಅವತ್ತೇ ಹೇಳಿದ್ರಿ. ಅದಕ್ಕೇ ನಾನು ಆಯ್ತು, ಎರಡು ವಾರ ಜಾಸ್ತಿ ತಗೊಳ್ಲಿ ಅಂದೆ. ಅವನ ಬಾಯಿಂದ ಬಂದದ್ದು ಹೇಳಿ.”

ಹೇಳಿದರೆ ಲೈಸೆನ್ಸು ಹೋಗುತ್ತದೆ, ಹತ್ತೊಂಬತ್ತು ವರ್ಷದ ಹೆಸರೂ ಮಣ್ಣಾಗುತ್ತದೆ. ಹೇಳದಿದ್ದರೆ ತನಗೇನೂ ಆಗುವುದಿಲ್ಲ; ಈ ಮನುಷ್ಯ ಸಾಯುವವರೆಗೂ ಅತ್ತಿಗೆಯ ಕಣ್ಣಲ್ಲಿ ಕೊಲೆಗಾರನಾಗಿರುತ್ತಾನೆ, ಅಷ್ಟೇ. ಅಷ್ಟೇ ಅಂದುಕೊಂಡದ್ದಕ್ಕೆ ಆಕೆಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

“‘ಅಂಗಡಿ ಮುಚ್ಚಿದ್ರೆ ನಾನು ಉಳಿಯಲ್ಲ’ ಅಂದ್ರು,” ಎಂದಳು. “‘ಬಾಯಿಮಾತಿಗೆ ಅಂತಿಲ್ಲ. ಹೋಗಿ ಅವನಿಗೆ ಹೇಳಿ’ ಅಂದ್ರು.”

“ಅವನಿಗೆ ಹೇಳಿ ಅಂದ್ನಾ?”

“ಅಂದ್ರು.”

“ಮತ್ತೆ?”

“ನಾನು ಹೇಳ್ಲಿಲ್ಲ.”

ಆ ಕುರ್ಚಿಯಲ್ಲಿ ಕೂತವರು ವಾರಕ್ಕೆ ನಾಲ್ಕು ಜನ ಸಾಯುವ ಮಾತಾಡುತ್ತಾರೆ, ಸಂಜೆ ಸಹಿ ಹಾಕಿ ಕಾಫಿ ಕುಡಿದು ಮನೆಗೆ ಹೋಗುತ್ತಾರೆ. ಹಾಗೆ ಹೇಳಬೇಕೆಂದು ಆಕೆ ಎಷ್ಟೋ ದಿನದಿಂದ ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದಳು. ಪ್ರಾಣದ ಮಾತು ಬಂದರೆ ಗುಟ್ಟು ಕಟ್ಟಿಡಬಾರದು, ಅಲ್ಲೇ ನಿಲ್ಲಿಸಿ ಸಂಬಂಧಪಟ್ಟವರಿಗೆ ತಿಳಿಸಬೇಕು ಅಂತ ಹೊಸಬರಿಗೆ ಹೇಳಿಕೊಡುತ್ತಿದ್ದವಳೂ ಅವಳೇ.

ತಮ್ಮ ನೆಲ ನೋಡುತ್ತಾ ಒಂದೊಂದೇ ಪದ ಜೋಡಿಸುವವನ ಹಾಗೆ ಮಾತಾಡಿದ. “ಅಂದ್ರೆ, ಸಾಯ್ತೀನಿ ಅಂತ ಅವನು ಹೇಳಿ ಕಳಿಸ್ದ. ಅದಕ್ಕೆ ನಾನು ‘ಎರಡು ವಾರ ತಗೋ’ ಅಂತ ಹೇಳಿ ಕಳಿಸ್ದೆ. ಅವನು ಹಾಗಂತ್ಲೇ ತಿಳ್ಕೊಂಡು ಸಹಿ ಹಾಕ್ದ.”

“ಹೂಂ.” ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. “ನಾನು ಬಂದು ಹೇಳಿದಾಗ, ‘ಅಷ್ಟೇ ಅಂದ್ನಾ?’ ಅಂತ ನಿಮ್ಮಣ್ಣ ಒಂದ್ಸಲ ಕೇಳಿದ್ರು. ಹೌದು ಅಂದೆ.”

ಅವನು ಎದ್ದ. ಹೊಡೆಯುತ್ತಾನೆ ಅಂದುಕೊಂಡಳು, ಹೊಡೆದರೆ ಒಳ್ಳೆಯದೇ ಅನ್ನಿಸಿತು. ಅವನು ಕಾರಿಡಾರು ದಾಟಿ, ಅವತ್ತು ತಾನು ಕೂತಿದ್ದ ಆಚೆಯ ಕೋಣೆಗೆ ಹೋದ. ಕುರ್ಚಿ ಎಳೆದ ಸದ್ದು ಕೇಳಿಸಿತು.

“ಬನ್ನಿ ಮೇಡಂ,” ಎಂದ ಅಲ್ಲಿಂದಲೇ. “ಇಲ್ಲಿಗೆ ಬಂದು ಹೇಳಿ. ಅವನು ಹೇಳಿದ ಹಾಗೇ.”

ಆಕೆ ಹೋದಳು. ಬಾಗಿಲಲ್ಲಿ ನಿಂತು ಅಣ್ಣನ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ಮುಠ್ಠಾಳ ಅಂದದ್ದನ್ನೂ ಬಿಡಲಿಲ್ಲ.

ಅವನು ಪೂರ್ತಿ ಕೇಳಿಸಿಕೊಂಡ. ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ.

“ಅಯ್ಯೋ, ಹಾಗಂದ್ನಾ? ಹಾಗಿದ್ರೆ ಬೇಡ ಬಿಡಿ, ಅಂಗಡಿ ಇರ್ಲಿ. ಅವನೇ ಇಟ್ಕೊಳ್ಲಿ. ಬೇಗ ಹೋಗಿ ಹೇಳಿ ಮೇಡಂ ಅವನಿಗೆ.”

ಆಕೆ ಕಾರಿಡಾರಿಗೆ ಬಂದಳು. ಎದುರಿನ ಕೋಣೆಯ ಬಾಗಿಲು ತೆರೆದೇ ಇತ್ತು, ಒಳಗೆ ಫ್ಯಾನು ತಿರುಗುತ್ತಿತ್ತು.