ಹಿಂದಿನ ಸಾಲಿನ ಎಣಿಕೆ

ನಮ್ಮ ವಾದ್ಯವೃಂದದ ಕಚೇರಿಯನ್ನು ನಾನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಸಭಾಂಗಣ ಕಾದಿರಿಸುವುದು, ಟಿಕೆಟ್ ಅಚ್ಚು ಹಾಕಿಸುವುದು, ಯಾರಿಗೆ ಎಂದು ರಜೆ, ಯಾರ ಕುರ್ಚಿಯ ಕಾಲು ಅಲ್ಲಾಡುತ್ತಿದೆ, ಎಲ್ಲವೂ ನನ್ನ ಮೇಜು ದಾಟಿಯೇ ಹೋಗಬೇಕು. ಸಂಗೀತ ಮಾತ್ರ ಗೋಡೆಯ ಆಚೆಯಿಂದ ಬರುತ್ತದೆ. ಅದು ಕೇಳಿಸಿದ ಕ್ಷಣ ಬರೆಯುವ ಕೈ ತಾನಾಗಿ ನಿಲ್ಲುತ್ತದೆ. ಆದರೂ ವಾದಕರ ನಡುವೆ ಹೋಗಿ ಕುಳಿತವಳಲ್ಲ. ದೇವರ ಮನೆಗೆ ಕಾಲು ತೊಳೆಯದೆ ಹೋದ ಹಾಗೆ ಅನ್ನಿಸುತ್ತಿತ್ತು.

ಸೋಮವಾರ ಮಂಡಳಿಯ ಅಧ್ಯಕ್ಷರು ಬಂದು ವಾದಕರ ಪಟ್ಟಿ ಕೇಳಿದರು. ಕೊನೆಯ ಹೆಸರಿನ ಮೇಲೆ ಬೆರಳಿಟ್ಟರು.

"ಇವರು ಇಡೀ ಕಾರ್ಯಕ್ರಮದಲ್ಲಿ ಒಂದೇ ಸಲ ತಾಳ ಬಡೀತಾರಂತೆ. ಹೌದೇನಮ್ಮ?"

"ಈ ಸಲದ ಕೃತೀಲಿ ಒಂದೇ ಸಲ ಸರ್. ಬೇರೆ ದಿನ ನಾಲ್ಕೋ ಐದೋ ಇರುತ್ತೆ."

"ಅಷ್ಟಕ್ಕೆ ಒಬ್ಬರು ಕಾಯಂ ಬೇಕಾ? ಬೇಕಾದ ದಿನ ಯಾರನ್ನಾದ್ರೂ ಕರೆಸ್ಕೊಂಡ್ರಾಯ್ತು. ಬುಧವಾರದ ತಾಲೀಮಿಗೆ ನಾನೂ ಬರ್ತೀನಿ. ನೀವು ಅವರ ಪಕ್ಕದಲ್ಲೇ ಕೂತು ನೋಡಿ. ಆ ಕುರ್ಚಿ ಇರಬೇಕೋ ಬೇಡವೋ ಒಂದು ಹಾಳೇಲಿ ಬರೆದುಕೊಡಿ. ನೀವು ಬರೆದ ಹಾಗೇ ಆಗುತ್ತೆ."

ಆ ಕೊನೆಯ ಹೆಸರಿನವರನ್ನು ವೃಂದದಲ್ಲಿ ಎಲ್ಲರೂ ಒಂದೇಟಿನ ಯಜಮಾನರು ಎನ್ನುತ್ತಾರೆ. ಇಪ್ಪತ್ತಾರು ವರ್ಷದಿಂದ ಹಿಂದಿನ ಸಾಲಿನ ಮೂಲೆಯಲ್ಲಿ ಕುಳಿತವರು. ಬುಧವಾರ ಬೆಳಗ್ಗೆ ನಾನು ಹಾಳೆ ಹಿಡಿದು ಹೋದಾಗ, ಊಟದ ತಟ್ಟೆಗಿಂತ ಅಗಲವಾದ ಎರಡು ಹಿತ್ತಾಳೆ ತಾಳಗಳನ್ನು ಬಟ್ಟೆಯಿಂದ ಒರೆಸುತ್ತಿದ್ದರು.

"ಬನ್ನಿ ಮೇಡಮ್, ಕೂತ್ಕೊಳ್ಳಿ. ನನ್ನ ತೂಕ ನೋಡೋಕೆ ಬಂದಿದ್ದೀರಂತೆ."

ವಿಷಯ ಆಗಲೇ ಹಬ್ಬಿತ್ತು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅದೇ ಸಾಲಿನಲ್ಲಿ ಆಚೆ ಕುಳಿತಿದ್ದ ಕಹಳೆಯಾಕೆ ತಿರುಗಿ, "ತೂಕ ಏನಿದ್ರೂ ಆ ಹಿತ್ತಾಳೇದೇ ಮೇಡಮ್. ಯಜಮಾನ್ರು ಬರೀ ಗಾಳಿ" ಎಂದಳು.

"ಗಾಳಿ ಊದೋಳು ನೀನು ಕಣಮ್ಮ," ಎಂದರು ಅವರು. ಹಿಂದಿನ ಸಾಲೆಲ್ಲ ಕಿಸಕ್ಕನೆ ನಕ್ಕಿತು.

ನಿರ್ದೇಶಕರು ಕೋಲೆತ್ತಿದರು. ಪಿಟೀಲುಗಳು ಶುರುವಾದವು. ಗೋಡೆಯಾಚೆಯಿಂದ ಕೇಳಿದ್ದೇ ಬೇರೆ, ಇದೇ ಬೇರೆ. ಇಲ್ಲಿ ನಾದ ಕಿವಿಗೆ ಬರುವ ಮೊದಲು ನೆಲದಿಂದ ಅಂಗಾಲಿಗೆ ಹತ್ತುತ್ತದೆ. ಯಜಮಾನರು ಕಣ್ಣು ಅರೆಮುಚ್ಚಿ ಕುಳಿತಿದ್ದರು. ಎಡ ಮೊಣಕಾಲಿನ ಮೇಲೆ ಅಂಗೈ ಮಗುಚಿ ಇಟ್ಟಿದ್ದರು. ಆಗೊಮ್ಮೆ ಈಗೊಮ್ಮೆ ಒಂದು ಬೆರಳು ಮಡಚುತ್ತಿತ್ತು, ಮತ್ತೆ ಬಿಚ್ಚುತ್ತಿತ್ತು. ಐದು ನಿಮಿಷ ಕಳೆಯಿತು. ಬೇರೇನೂ ಮಾಡಲಿಲ್ಲ. ನನ್ನ ಹಾಳೆ ಖಾಲಿಯಾಗಿಯೇ ಇತ್ತು. ಒಬ್ಬ ಮನುಷ್ಯನ ಅನ್ನದ ಮಾತು, ಏನಾದರೂ ಬರೆಯಬೇಕಲ್ಲ ಎಂದು ಬಗ್ಗಿ ಪಿಸುಗುಟ್ಟಿದೆ:

"ಇನ್ನೂ ಎಷ್ಟಿದೆ ಯಜಮಾನ್ರೆ?"

ಅವರು ನನ್ನತ್ತ ತಿರುಗಿ, ಮರ್ಯಾದೆಗೆಂದು ಉತ್ತರ ಕೊಟ್ಟರು: "ಇನ್ನೇನು, ಸ್ವಲ್ಪವೇ."

ತಿರುಗಿದ ಮುಖ ಮುಂದಕ್ಕೆ ಹೋಗುವಷ್ಟರಲ್ಲಿ ಬಣ್ಣ ಇಳಿದಿತ್ತು. ಬೆರಳು ಗಾಳಿಯಲ್ಲಿ ನಿಂತಿತ್ತು.

ಸಂಗೀತ ಏರುತ್ತಾ ಹೋಯಿತು. ಎಲ್ಲ ಒಟ್ಟುಗೂಡಿ ಬೆಟ್ಟದ ತುದಿ ಮುಟ್ಟುವ ಜಾಗ ಬಂತು, ಅಲ್ಲಿ ಏನೂ ಇರಲಿಲ್ಲ. ತಾಳವೂ ಇಲ್ಲ, ಕಹಳೆಯೂ ಇಲ್ಲ. ಹಿಂದಿನ ಸಾಲಿನ ಒಂಬತ್ತು ಜನ ವಾದ್ಯ ಮಡಿಲಲ್ಲಿಟ್ಟುಕೊಂಡು ಯಜಮಾನರ ಮೊಣಕಾಲನ್ನು ನೋಡುತ್ತಾ ಕುಳಿತೇ ಇದ್ದರು. ಪಿಟೀಲುಗಳು ಒಂಟಿಯಾಗಿ ತಡವರಿಸಿ ನಿಂತವು.

ನಿರ್ದೇಶಕರು ಕೋಲು ಇಳಿಸಿದರು. ಖಾಲಿ ಕುರ್ಚಿಗಳ ನಡುವಿನಿಂದ ಅಧ್ಯಕ್ಷರು ಎದ್ದು ಬಂದರು.

ಯಜಮಾನರು ಎದ್ದು ನಿಂತರು. "ತಪ್ಪು ನಂದು ಸ್ವಾಮಿ. ಎಣಿಕೆ ಜಾರಿತು."

"ಇರೋದೇ ಒಂದು ಏಟು," ಎಂದರು ಅಧ್ಯಕ್ಷರು, ನನ್ನನ್ನು ನೋಡುತ್ತಾ. "ಬರ್ಕೊಳ್ಳಿ ಅಮ್ಮ."

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಾನು ಎದ್ದೆ. "ಅವರದ್ದಲ್ಲ ಸರ್. ಎಣಿಸ್ತಾ ಇದ್ದವರನ್ನ ನಾನು ಮಾತಾಡಿಸಿಬಿಟ್ಟೆ."

"ಸರಿ, ಇವರದ್ದು ತಪ್ಪಿತು. ಉಳಿದ ಒಂಬತ್ತು ಜನ ಯಾಕೆ ಸುಮ್ಮನೆ ಕೂತಿದ್ರಿ?" ಎಂದು ಅಧ್ಯಕ್ಷರು ಹಿಂದಿನ ಸಾಲನ್ನು ಕೇಳಿದರು.

ಕಹಳೆಯಾಕೆ ತಲೆ ತಗ್ಗಿಸಿಕೊಂಡೇ ಹೇಳಿದಳು: "ನಾವು ಎಣಿಸೋದು ನೂರರ ತನಕ ಸರ್. ಆಮೇಲೆ ಯಜಮಾನ್ರ ಕೈ ನೋಡ್ತೀವಿ. ಅವರು ಅಂಗೈ ಮೇಲೆ ಮಾಡಿದ್ರೆ ನಾವು ವಾದ್ಯ ಎತ್ತೋದು. ನಾನು ಸೇರಿದಾಗಿಂದ ಹೀಗೇನೇ. ಹೇಳ್ಕೊಳ್ಳೋಕೆ ನಾಚಿಕೆ."

ಅಧ್ಯಕ್ಷರು ನಿರ್ದೇಶಕರತ್ತ ತಿರುಗಿದರು. "ನಿಮಗೆ ಗೊತ್ತಿತ್ತಾ?"

"ಇಲ್ಲ," ಎಂದರು ನಿರ್ದೇಶಕರು. "ಹಿಂದಿನ ಸಾಲು ಯಾವತ್ತೂ ತಪ್ಪಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ಓಡಾಡ್ತಿದ್ದೆ."

"ಆ ಏಟು ಬರೋ ಮುಂಚಿನ ಇನ್ನೂರ ಹದಿನಾರು ಆವರ್ತ ನೀವು ಹೇಗ್ರಿ ಎಣಿಸ್ತೀರಿ?" ಎಂದು ನಿರ್ದೇಶಕರೇ ಯಜಮಾನರನ್ನು ಕೇಳಿದರು.

ಯಜಮಾನರು ತಾಳದ ಚರ್ಮದ ಹಿಡಿಪಟ್ಟಿ ತಿರುಗಿಸುತ್ತಾ ನಿಂತರು. "ಎಣಿಸಲ್ಲ ಸ್ವಾಮಿ. ಎಣಿಸಿದ್ರೆ ಯಾರಿಗಾದ್ರೂ ಜಾರುತ್ತೆ. ನಮ್ಮವ್ವ ದಿನಾ ಬೆಳಗ್ಗೆ ಪದ್ಯ ಹೇಳೋಳು, ಆರಾರು ಸಾಲಿಂದು. ಒಂದು ಸಾಲಿಗೆ ಒಂದು ಆವರ್ತ. ಮೂವತ್ತಾರು ಪದ್ಯ ಮನಸ್ಸಲ್ಲೇ ಹೇಳ್ಕೋತೀನಿ. ಪದ್ಯಕ್ಕೊಂದು ಬೆರಳು. ಈಗ ಮೇಡಮ್ ಕೇಳಿದಾಗ ಮೂವತ್ತನೇದರಲ್ಲಿದ್ದೆ. ಸಾಲು ಕೈ ಬಿಡ್ತು."

ನಮ್ಮ ತಾತ ಪದ್ಯ ಓದುವಾಗ ನಡುವೆ ಯಾರಾದರೂ ಮಾತಾಡಿಸಿದರೆ ಬೈಯುತ್ತಿರಲಿಲ್ಲ, ಕಣ್ಣಲ್ಲಿ ನೀರು ತಂದುಕೊಂಡು ಮೊದಲಿನಿಂದ ಶುರು ಮಾಡುತ್ತಿದ್ದರು. ಬಾಯಿ ಮುಚ್ಚಿ ಕೇಳುವುದನ್ನು ಅಲ್ಲಿ ಕಲಿತವಳು ನಾನು. ಎಲ್ಲಿ ಕೇಳಬೇಕಿತ್ತೋ ಅಲ್ಲಿ ಮಾತಾಡಿದ್ದೆ.

ಅಧ್ಯಕ್ಷರು "ಇನ್ನೊಂದ್ಸಲ ಆಗಲಿ" ಎಂದು ಮುಂದಿನ ಕುರ್ಚಿಯಲ್ಲಿ ಕುಳಿತರು.

ಮತ್ತೆ ಪಿಟೀಲು. ಈ ಸಲ ನಾನು ಉಸಿರನ್ನೂ ಅಳೆದು ಬಿಟ್ಟೆ. ಯಜಮಾನರ ತುಟಿ ಅಲುಗುತ್ತಿರಲಿಲ್ಲ, ಆದರೆ ಗಂಟಲಿನ ಕೆಳಗೆ ಏನೋ ಏರಿಳಿಯುತ್ತಿತ್ತು. ಆರು ಏರಿಳಿತ, ಒಂದು ಬೆರಳು. ಅರವತ್ತು ಮಂದಿ ಮಾಡುತ್ತಿದ್ದ ಆ ಮಹಾ ಸದ್ದಿನ ಕೆಳಗೆ, ಯಾರಿಗೂ ಕೇಳಿಸದಂತೆ, ಒಬ್ಬ ತಾಯಿಯ ಬೆಳಗಿನ ಪದ್ಯ ನಡೆಯುತ್ತಿತ್ತು. ಇಡೀ ಸಭಾಂಗಣ ಅದರ ಬೆನ್ನ ಮೇಲೆ ಕುಳಿತಿದೆ ಎನ್ನಿಸಿತು. ಗೋಡೆಯಾಚೆ ಕುಳಿತು ಹನ್ನೊಂದು ವರ್ಷ ನಾನು ಕೈ ನಿಲ್ಲಿಸಿ ಕೇಳಿದ್ದು ಇದರ ನೆರಳನ್ನು ಮಾತ್ರ.

ಮೂವತ್ತೈದನೆಯ ಪದ್ಯಕ್ಕೆ ಬೆರಳು ಮಡಚಿತು. ಅಂಗೈ ಮೇಲಾಯಿತು. ಒಂಬತ್ತು ವಾದ್ಯಗಳು ಒಟ್ಟಿಗೆ ಎದ್ದವು. ಯಜಮಾನರು ನಿಧಾನವಾಗಿ ಎದ್ದು, ಎರಡು ತಾಳಗಳನ್ನು ಎದೆಯ ಮಟ್ಟಕ್ಕೆ ತಂದು, ಕಾದು, ಹೊಡೆದರು.

ಅದನ್ನು ಏಟು ಎನ್ನಲು ನನಗೆ ಬಾಯಿ ಬರುವುದಿಲ್ಲ. ಕತ್ತಲೆ ಕೋಣೆಯ ಬಾಗಿಲು ಯಾರೋ ಒಮ್ಮೆಗೇ ತೆರೆದ ಹಾಗಿತ್ತು. ಕಣ್ಣು ತಾನಾಗಿ ಮುಚ್ಚಿತು, ಕೈಗಳು ತಾವಾಗಿ ಕೂಡಿಕೊಂಡವು.

ಕೃತಿ ಮುಗಿದ ಮೇಲೂ ಅಧ್ಯಕ್ಷರು ಏಳಲಿಲ್ಲ. ನಾನೇ ವೇದಿಕೆ ಇಳಿದು ಹೋಗಿ, ಅವರೆದುರೇ ಹಾಳೆಯಲ್ಲಿ ಎರಡು ಸಾಲು ಬರೆದೆ: ಈ ಕುರ್ಚಿ ಇರಬೇಕು. ಇದರಲ್ಲಿ ಕುಳಿತವರನ್ನು ತಾಲೀಮಿನ ಹೊತ್ತಿನಲ್ಲಿ ಕಚೇರಿಯವರು ಮಾತಾಡಿಸಕೂಡದು.

ಅವರು ಓದಿ, ಜೇಬಿನಿಂದ ಪೆನ್ನು ತೆಗೆದು, ಎರಡನೆಯ ಸಾಲಿನಲ್ಲಿ 'ಕಚೇರಿಯವರು' ಎಂಬುದರ ಪಕ್ಕಕ್ಕೆ 'ಮಂಡಳಿಯವರು ಕೂಡ' ಎಂದು ಸೇರಿಸಿ ಸಹಿ ಹಾಕಿದರು.