ಸೀಮೆಯಿಂದ ಬರಬೇಕಾದ ಹೆಸರು

ನನ್ನ ಹೆಸರು ಮೋರಾಗ್. ಊರು ಮಂಡ್ಯದ ಪಕ್ಕದ ಯಲಿಯೂರು, ಅಪ್ಪ ನಿಂಗಯ್ಯ, ಅವ್ವ ಹೊಂಬಾಳಮ್ಮ, ಮನೆದೇವರು ಮೇಲುಕೋಟೆ ಚಲುವರಾಯ. ಇಷ್ಟು ಹೇಳಿದ ಮೇಲೂ ಜನ, "ಅದು ಸರಿ, ಹೆಸರೇನು ಅಂದಿರಿ?" ಎಂದು ಇನ್ನೊಂದು ಸಲ ಕೇಳುತ್ತಾರೆ. ಮೊದಲೆಲ್ಲ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ, ಆದರೆ ತೋರಿಸಿಕೊಳ್ಳುವುದಿಲ್ಲ.

ನನಗಿಂತ ಮುಂಚೆ ಅವ್ವನಿಗೆ ಎರಡು ಮಕ್ಕಳು ಹುಟ್ಟಿ, ಎರಡೂ ತೊಟ್ಟಿಲಲ್ಲೇ ಹೋಗಿದ್ದವು. ಮಕ್ಕಳು ನಿಲ್ಲದ ಮನೆಯವರು ನಮ್ಮ ಕಡೆ ಒಂದು ಉಪಾಯ ಮಾಡುತ್ತಾರೆ. ಹುಟ್ಟಿದ ಕೂಸನ್ನು ಬೇರೆ ಜಾತಿಯವರ ಮಡಿಲಿಗೆ ಹಾಕಿ, ಇದು ನಿಮ್ಮದು ಎಂದು ಕೊಟ್ಟುಬಿಡುವುದು. ಸ್ವಲ್ಪ ಹೊತ್ತಾದ ಮೇಲೆ ಒಂದು ಸೇರು ತೌಡು ಕೊಟ್ಟು ಅವರಿಂದ ಕೊಂಡುಕೊಳ್ಳುವುದು. ಹೆಸರನ್ನೂ ಅವರೇ ಇಡಬೇಕು. ಇದು ಆ ಮನೆಯ ಕೂಸಲ್ಲ ಎಂದುಕೊಂಡು ಜವರಾಯ ಮುಂದಿನ ಬೀದಿಗೆ ಹೋಗುತ್ತಾನೆ. ಇಷ್ಟು ಸುಲಭವಾಗಿ ಮೋಸಹೋಗುವ ಜವರಾಯ ಉಳಿದ ವಿಷಯಗಳಲ್ಲಿ ಹೇಗೆ ಅಷ್ಟು ಚುರುಕೋ ನನಗೆ ತಿಳಿಯದು.

ಅಪ್ಪ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಿದ್ದ. ಅಲ್ಲಿ ಫಿಟ್ಟರಾಗಿದ್ದ ಇಸಾಕ್ ಸಾಹೇಬರು ಅವನಿಗೆ ಅಣ್ಣನಂತಿದ್ದರು. ನಾನು ಹುಟ್ಟಿದ ಹತ್ತನೆಯ ದಿನ ಅಪ್ಪ, ಅಜ್ಜಿ ಇಬ್ಬರೂ ನನ್ನನ್ನು ಎತ್ತಿಕೊಂಡು ಇಸಾಕ್ ಸಾಹೇಬರ ಮನೆಗೆ ಹೋದರು, ಅವರ ಹೆಂಡತಿ ಬಿಬಿ ಜಾನ್ ಮಡಿಲಿಗೆ ಹಾಕೋಣವೆಂದು. ಅಲ್ಲಿ ನೋಡಿದರೆ ಬಿಬಿ ಜಾನ್ ಕೈಲಿ ಬಟ್ಟೆ ಹೊಲಿಸಲು ಬಂದಿದ್ದ, ಕಾರ್ಖಾನೆಯ ಎಂಜಿನಿಯರ್ ದೊರೆಯ ಹೆಂಡತಿ ಕೂತಿದ್ದರು. ಸ್ಕಾಟ್ಲೆಂಡಿನವರು. ಇಂಗ್ಲೆಂಡಿನವರೇ ಎಂದು ಯಾರಾದರೂ ಕೇಳಿದರೆ ಮುಖ ಗಂಟಿಕ್ಕುತ್ತಿದ್ದರಂತೆ. ಬಿಬಿ ಜಾನ್ ಅಂದಳಂತೆ: "ನಮ್ ಮನೆ ಯಲಿಯೂರ್ಗೆ ಎರಡ್ ಮೈಲಿ. ಜವರಾಯ್ನಿಗೆ ದಾರಿ ಗೊತ್ತಾಗೋಯ್ತದೆ. ಇವರ ಮಡ್ಲಿಗೆ ಹಾಕಿ, ಸಮುದ್ರ ದಾಟ್ಕೊಂಡ್ ಹುಡುಕ್ಲಿ."

ಇಸಾಕ್ ಸಾಹೇಬರು ದೊರೆಸಾನಿಗೆ ವಿಷಯವನ್ನೆಲ್ಲ ಇಂಗ್ಲೀಷಿನಲ್ಲಿ ತಿಳಿಸಿದರು. ಆಕೆ ನಗಲಿಲ್ಲ. ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಮೋರಾಗ್ ಎಂದು ಕರೆದು, ಅಪ್ಪ ತೌಡು ಅಳೆದುಕೊಟ್ಟರೂ ಒಂದು ಗಂಟೆ ಹೊತ್ತು ಕೊಡಲೇ ಇಲ್ಲ. ಆಮೇಲೆ ನನ್ನನ್ನು ಕೊಟ್ಟು, ತೌಡನ್ನು ತೆಗೆದುಕೊಂಡು ಹೋಗಿ ತಮ್ಮ ಕುದುರೆಗೆ ಹಾಕಿದರು. ನಾನು ಬದುಕಿಕೊಂಡೆ.

ಬದುಕಿದ್ದೇನೋ ಸರಿ, ಆ ಹೆಸರು ಹೊತ್ತುಕೊಂಡು ಯಲಿಯೂರಿನಲ್ಲಿ ಬದುಕುವುದು ಬೇರೆಯೇ ಮಾತು. ಊರವರು ಅದನ್ನು ಮೋರಗಿ ಮಾಡಿದರು. ಸ್ಕೂಲಿನಲ್ಲಿ ಕೆಂಪಮ್ಮ, ನಿಂಗಮ್ಮ, ಚಲುವಮ್ಮ ಎಂದರೆ ಮೂರು ಮೂರು ಜನ ಎದ್ದು ನಿಲ್ಲುತ್ತಿದ್ದರು, ಮೋರಾಗ್ ಎಂದರೆ ನಾನೊಬ್ಬಳೇ. ಜಗಳ ಬಂದಾಗ ಹುಡುಗಿಯರು, "ನಿನ್ನ ತೌಡಿಗೆ ತಗೊಂಡವ್ರೆ, ನೀನು ಆ ಮನೆಯೋಳಲ್ಲ" ಅನ್ನುವರು. ಬೇರೆ ಮಕ್ಕಳಿಗೆ ಅದು ಬರಿಯ ಬೈಗುಳ. ನನ್ನ ವಿಷಯದಲ್ಲಿ ನಿಜ. ಹಾಗಾಗಿ ಹೊಡೆಯುವುದೊಂದೇ ದಾರಿಯಾಗಿತ್ತು, ಹೊಡೆದೆ.

ನನಗೆ ಎಂಟು ತುಂಬಿದಾಗ, ದೇಶಕ್ಕೆ ಸ್ವಾತಂತ್ರ್ಯ ಬರಲು ಇನ್ನೂ ಒಂದು ವರ್ಷವಿದ್ದಾಗ, ತಂಗಿ ಹುಟ್ಟಿದಳು. ಅವ್ವ ಹುಡುಗಿಯಾಗಿದ್ದಾಗಲೇ ಅವಳ ತಾಯಿ ಬೆಸಗರಹಳ್ಳಿಯಲ್ಲಿ ತೀರಿಕೊಂಡಿದ್ದರಿಂದ ತವರಿಗೆ ಹೋಗುವ ಮಾತಿರಲಿಲ್ಲ, ಹೆರಿಗೆ ನಮ್ಮ ಮನೆಯಲ್ಲೇ ಆಯಿತು. ಬಾಣಂತಿ ಕೋಣೆಯಿಂದಲೇ ಅವ್ವ ಒಂದೇ ಮಾತು ಹಿಡಿದಳು.

"ದೊಡ್ಡೋಳು ನಿಂತಿದ್ದು ದೊರೆಸಾನಿ ಇಟ್ಟ ಎಸ್ರಿಂದ. ಇದ್ಕೂ ಅವರೇ ಇಡ್ಲಿ. ದೊಡ್ಡೋಳ್ ಎಸ್ರಿಗೆ ಒಪ್ಪಂಗಿರ್ಬೇಕು."

"ದೊರೆಸಾನಿ ಊರ್ಗೋಗಿ ವರ್ಸ ಆಯ್ತು ಕಣಮ್ಮಿ," ಎಂದಳು ಅಜ್ಜಿ. "ಚಲುವರಾಯನ ಎಸ್ರಾಗೆ ಚಲುವಮ್ಮ ಅಂತಿಟ್ಟು ತೊಟ್ಲಿಗಾಕು. ಆ ಒಂದ್ ಎಸ್ರ ಕರಿಯಕ್ಕೇ ನನ್ ನಾಲ್ಗೆ ಎಂಟ್ ವರ್ಸದಿಂದ ಒರಳ್ನಿಲ್ಲ. ಇನ್ನೊಂದ್ ಬ್ಯಾರೆ ಬೇಕಾ?"

ಅಜ್ಜಿ ಹೇಳಿದ್ದು ಸುಳ್ಳಲ್ಲ, ನನ್ನನ್ನು ಅವಳು "ಅಮ್ಮಿ" ಎಂದೇ ಕರೆಯುತ್ತಿದ್ದಳು. ಆದರೆ ಆ ಹೊತ್ತು ನನಗೆ ಮೈಯೆಲ್ಲ ಉರಿಯಿತು. ಮನೆಯಲ್ಲಿ ಚಲುವಮ್ಮ ಎಂಬ ತಂಗಿ ಬಂದರೆ ನಾನು ತೌಡಿಗೆ ತಂದವಳೆನ್ನುವುದಕ್ಕೆ ಊರಿಗೆ ಸಾಕ್ಷಿ ಸಿಕ್ಕಂತಾಗುತ್ತಿತ್ತು. ಅವ್ವನಿಗೆ ಕೂಸು ಉಳಿಯಬೇಕಿತ್ತು, ನನಗೆ ಜೊತೆ ಬೇಕಿತ್ತು. ಇಬ್ಬರಿಗೂ ಬೇಕಾದದ್ದು ಒಂದೇ, ಸೀಮೆಯಿಂದ ಒಂದು ಹೆಸರು. ಅವ್ವ ಮತ್ತು ನಾನು ಒಂದು ಕಡೆಯಾದದ್ದು ಅದೇ ಮೊದಲು.

ಅಪ್ಪ ಯಾರ ಕಡೆಗೂ ಸೇರದೆ ಇಸಾಕ್ ಸಾಹೇಬರನ್ನು ಕರೆದುಕೊಂಡು ಬಂದ. ಅವರ ಹತ್ತಿರ ದೊರೆಯ ಊರಿನ ವಿಳಾಸವಿತ್ತು. ನಮ್ಮ ಜಗಲಿಯ ಮೇಲೆ ಕೂತು, ಎರಡು ಲೋಟ ಮಜ್ಜಿಗೆ ಕುಡಿದು, ಅವರು ಇಂಗ್ಲೀಷಿನಲ್ಲಿ ಕಾಗದ ಬರೆದರು: ಮೋರಾಗ್‌ಗೆ ತಂಗಿ ಹುಟ್ಟಿದ್ದಾಳೆ, ಅಕ್ಕನ ಹೆಸರಿಗೆ ಒಪ್ಪುವಂಥ ನಿಮ್ಮ ಕಡೆಯ ಹೆಸರೊಂದನ್ನು ತಾವೇ ಆರಿಸಿ ಕಳಿಸಬೇಕು. ಕೆಳಗೆ ನಾನು ಕನ್ನಡದಲ್ಲಿ ನನ್ನ ಹೆಸರು ಬರೆದೆ, ದೊಡ್ಡದಾಗಿ.

ಕಾಗದ ಹೋಯಿತು. ಹನ್ನೊಂದನೆಯ ದಿನ ಹೆಸರಿಡಲಿಲ್ಲ, ತಿಂಗಳಾದರೂ ಇಡಲಿಲ್ಲ. ಕೂಸು ಬರೀ ಕೂಸಾಗಿಯೇ ಇತ್ತು. ದಿನಾ ಸ್ಟೇಷನ್ನಿನ ಕಡೆ ರೈಲು ಕೂಗಿದಾಗ ಅವ್ವ ಕಿವಿ ನೆಟ್ಟಗೆ ಮಾಡುವಳು, ಹೆಸರೇ ಟಿಕೆಟ್ ತಗೊಂಡು ಇಳಿದು ಬರುತ್ತದೆ ಎನ್ನುವ ಹಾಗೆ.

ನನಗೆ ಕಾಯುವ ತಾಳ್ಮೆ ಇರಲಿಲ್ಲ. ಒಂದು ದಿನ ಅಪ್ಪನ ಜೊತೆ ಕಾರ್ಖಾನೆಗೆ ಹೋದೆ. ಅಲ್ಲಿನ ಯಂತ್ರಗಳೆಲ್ಲ ಸ್ಕಾಟ್ಲೆಂಡಿನಿಂದಲೇ ಬಂದವೆಂದೂ ಅವುಗಳ ಮೇಲೆ ಹಿತ್ತಾಳೆ ತಗಡಿನಲ್ಲಿ ಹೆಸರು ಕೊರೆದಿದೆಯೆಂದೂ ಕೇಳಿದ್ದೆ. ಇಸಾಕ್ ಸಾಹೇಬರು ಕೈಯೊರೆಸಿಕೊಂಡು ನನ್ನನ್ನು ಒಂದೊಂದು ಯಂತ್ರದ ಮುಂದೆಯೂ ನಿಲ್ಲಿಸಿ ಓದಿ ಹೇಳಿದರು. ಎಲ್ಲ ಕಡೆಯೂ ಇಂಥವರು ಮತ್ತು ಮಕ್ಕಳು, ಇಂಥವರು ಮತ್ತು ತಮ್ಮಂದಿರು.

"ಹೆಣ್ ಹೆಸ್ರೇ ಇಲ್ವಾ ಮಾಮ?"

"ಇಲ್ಲ ಮಗಳೆ. ಆ ದೇಸ್ದಲ್ಲೂ ಮಿಷನ್ ಮೇಲೆ ಹೆಣ್ಮಕ್ಕಳ ಹೆಸರ ಹಾಕಲ್ಲ. ನಮ್ ಹೊಲದ್ ಪತ್ರ ಇದ್ದಂಗೆ."

ಬಂದ ದಾರಿಗೆ ಸುಂಕವಿಲ್ಲದೆ ಮನೆಗೆ ಬಂದೆ.

ಶ್ರಾವಣದಲ್ಲಿ ಕೂಸಿಗೆ ಜ್ವರ ಬಂತು. ಮಂಡ್ಯದ ಡಾಕ್ಟರು ಔಷಧಿ ಕೊಟ್ಟು, ಹೆದರಬೇಡಿ ಎಂದರು. ಅವ್ವ ಹೆದರಿದಳು. ಮೂರು ದಿನ ಕೂಸನ್ನು ಕೆಳಗಿಡಲಿಲ್ಲ, ಸರಿಯಾಗಿ ಉಣ್ಣಲಿಲ್ಲ. ಅಜ್ಜಿಯೂ ಹೆದರಿದಳು, ಆದರೆ ಅವಳ ಹೆದರಿಕೆ ಬೈಗುಳವಾಗಿಯೇ ಹೊರಗೆ ಬರುವುದು.

"ಎಸ್ರಿಲ್ದೆ ಮಡಿಕ್ಕಂಡಿದ್ದೀಯಲ್ಲ, ಅದ್ನ ಕೂಗಿ ತಡೆಯೋರ್ಯಾರು? ಗೌರಿ ಹಬ್ಬದ್ ಗಂಟ ನೋಡ್ತೀನಿ. ಬರ್ದಿದ್ರೆ ಚಲುವಮ್ಮ. ನನ್ ಮಾತು ಮುಗೀತು."

"ಆಗ್ಲಿ ಅತ್ತೆ," ಎಂದಳು ಅವ್ವ. ನನಗೆ ಅವಳ ಮೇಲೆ ಬಹಳ ಸಿಟ್ಟು ಬಂತು. ಜ್ವರ ಮಾತ್ರ ನಾಲ್ಕನೆಯ ದಿನ ಬಿಟ್ಟಿತು.

ಗೌರಿ ಹಬ್ಬಕ್ಕೆ ಇನ್ನು ಐದು ದಿನ ಇತ್ತು. ಭಾನುವಾರ ಮಧ್ಯಾಹ್ನ ಇಸಾಕ್ ಸಾಹೇಬರು ಸೈಕಲ್ಲಿನಲ್ಲಿ ಬಂದರು. ಕಾಗದ ಅವರ ವಿಳಾಸಕ್ಕೆ ಬಂದಿತ್ತು. ಒಡೆದಿರಲಿಲ್ಲ. "ನಿಮ್ ಮನೆ ಹೆಸ್ರು, ನಿಮ್ ಮನೇಲೇ ಒಡೀಬೇಕು," ಎಂದು ಜಗಲಿಯ ಮೇಲೆ ಕೂತರು. ಅವ್ವ ಕೂಸನ್ನೆತ್ತಿಕೊಂಡು ಬಾಗಿಲ ಹಿಂದೆ ನಿಂತಳು. ಅಜ್ಜಿ ಕಡಲೆಕಾಯಿ ಸುಲಿಯುತ್ತ ಕೂತಿದ್ದವಳು ತಲೆ ಎತ್ತಲಿಲ್ಲ. ಕಾಗದ ಬಂದದ್ದು ಅವಳ ಸೋಲು, ಸೋಲನ್ನು ಅವಳು ಎಂದೂ ಮುಖ ಎತ್ತಿ ನೋಡುತ್ತಿರಲಿಲ್ಲ.

ಇಸಾಕ್ ಸಾಹೇಬರು ಕಾಗದ ಬಿಚ್ಚಿ ಮನಸ್ಸಿನಲ್ಲೇ ಒಂದು ಸಲ ಓದಿಕೊಂಡರು. ಆಮೇಲೆ ಇನ್ನೊಂದು ಸಲ.

"ಹೆಸರೇನ್ ಮಾಮ?" ಎಂದೆ.

"ತಡಿ. ಮೊದ್ಲು ನಿನ್ ಇಸ್ಯ ಬರ್ದವ್ರೆ." ಅವರು ಬೆರಳಿಟ್ಟು ಸಾಲು ಸಾಲಾಗಿ ಹೇಳಿದರು. "ನಮ್ಮ ದೇಸ್ದಲ್ಲಿ ಮಕ್ಕಳ ಹೆಸರ ಹೊಸ್ದಾಗಿ ಹುಡ್ಕಲ್ಲ. ಮೊದಲ್ನೆ ಹೆಣ್ಮಗೂಗೆ ತಾಯಿಯ ತಾಯಿ ಹೆಸರು. ಆ ದಿನ ಒಂದ್ ಗಂಟೆ ಹೊತ್ತು ಆ ಮಗೂಗೆ ನಾನೇ ತಾಯಿಯಾಗಿದ್ದೆ. ನಂಗೆ ಮಕ್ಕಳಿಲ್ಲ. ಅದಕ್ಕೆ ನನ್ ತಾಯಿ ಹೆಸರ ಇಟ್ಟೆ. ನನ್ ತಾಯಿ ಮೋರಾಗ್ ಹಸು ಕಟ್ಟಿದ್ರು, ಎಂಬತ್ತೊಂದು ವರ್ಸ ಬದುಕಿದ್ರು. ಹೀಗಂತ ಬರ್ದವ್ರೆ."

ಎಂಟು ವರ್ಷ ನಾನು ಆ ಹೆಸರನ್ನು ಜವರಾಯನ ಕಣ್ಣಿಗೆ ಎರಚಿದ ಮಣ್ಣು ಎಂದುಕೊಂಡಿದ್ದೆ. ಅದು ಹಸು ಕಟ್ಟುತ್ತಿದ್ದ ಒಬ್ಬ ಅಜ್ಜಿಯ ಹೆಸರಾಗಿತ್ತು. ನನಗೆ ಅಳು ಬಂತು, ಸಂತೋಷದ್ದೇ.

"ಎರಡ್ನೇದಕ್ಕೆ?" ಎಂದಳು ಅವ್ವ ಬಾಗಿಲ ಹಿಂದಿನಿಂದ. ಅವಳ ಚಿಂತೆ ಅವಳಿಗೆ.

"ಎರಡನೇ ಹೆಣ್ಮಗೂಗೆ ತಂದೆಯ ತಾಯಿ ಹೆಸರು. ಅದೇ ನಮ್ ಪದ್ಧತಿ. ಮೋರಾಗ್‌ಗೆ ಒಪ್ಪೋ ಹೆಸರು ಅದೊಂದೇ, ಬೇರೆ ಕಳಿಸಕ್ಕಾಗಲ್ಲ. ಮಗು ಎತ್ಕೊಂಡ್ ಬಂದಿದ್ದ ಆ ಅಜ್ಜಿ ಹೆಸರ ನಾನು ಕೇಳ್ಲೇ ಇಲ್ಲ. ತಪ್ಪಾಯ್ತು. ಅದನ್ನೇ ಇಡಿ." ಇಸಾಕ್ ಸಾಹೇಬರು ಕನ್ನಡಕ ತೆಗೆದರು. "ದೊಡ್ಡವ್ವ, ನಿಮ್ ಹೆಸರೇನು? ಹತ್ತ್ ವರ್ಸದಿಂದ ಬತ್ತಾ ಇದೀನಿ, ನಂಗೂ ಗೊತ್ತಿಲ್ಲ."

ನನಗೂ ಗೊತ್ತಿರಲಿಲ್ಲ. ಅಜ್ಜಿ ಎಂದರೆ ಅಜ್ಜಿ. ಊರಿಗೆ ಅವಳು ನಿಂಗಯ್ಯನ ಅವ್ವ. ಅವ್ವನಿಗೆ ಗೊತ್ತಿತ್ತು, ಆದರೆ ಸೊಸೆ ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಅಪ್ಪ ಹೇಳಲು ಬಾಯಿ ತೆರೆದವನು ತಾಯಿಯ ಮುಖ ನೋಡಿ ಸುಮ್ಮನಾದ. ಅಜ್ಜಿಯ ಕೈ ಕಡಲೆಕಾಯಿಯ ಮೇಲೆ ನಿಂತುಬಿಟ್ಟಿತ್ತು.

"ಮರಿತಾಯಮ್ಮ," ಎಂದಳು. ಬೇರೆ ಯಾರದೋ ಹೆಸರನ್ನು ಹೇಳುವಂತೆ ಮೆಲ್ಲಗೆ ಹೇಳಿದಳು. "ಮರಿತಾಯಮ್ಮ ಅಂತ. ನಮ್ಮಪ್ಪ ಕರೀತಿದ್ದ."

ಸ್ವಲ್ಪ ಹೊತ್ತಿನಲ್ಲೇ ಅವಳಿಗೆ ತನ್ನ ಗಂಟಲು ವಾಪಸು ಸಿಕ್ಕಿತು. "ಬದ್ಕಿರೋರ ಎಸ್ರ ಮಕ್ಕಳ್ಗೆ ಇಟ್ಟಾರೇನ್ಲಾ ನಿಂಗ? ಆ ಎಂಗ್ಸಿಗೆ ಅಷ್ಟೂ ಗೊತ್ತಿಲ್ವಾ?"

"ಅವರ್ ಕಡೆ ಇಡ್ತಾರಂತೆ ಅವ್ವ," ಎಂದ ಅಪ್ಪ.

ಅಜ್ಜಿ ಎದ್ದು ಸೆರಗಿನಲ್ಲಿದ್ದ ಸಿಪ್ಪೆಯನ್ನೆಲ್ಲ ಕೊಡವಿ, ಬಾಗಿಲ ಹಿಂದೆ ಹೋಗಿ, ಅವ್ವನ ಕೈಯಿಂದ ಕೂಸನ್ನು ತೆಗೆದುಕೊಂಡಳು. ಅದರ ಮುಖವನ್ನು ಬಹಳ ಹೊತ್ತು ನೋಡಿದಳು.

"ಇಟ್ಕೊಳ್ಳಿ. ಇಟ್ರೆ ನನ್ ಆಯ್ಸು ಕಮ್ಮಿ ಆಯ್ತದೆ ಅಂತಾರೆ. ಆಗ್ಲಿ ಬುಡು. ಎಪ್ಪತ್ ವರ್ಸ ತಿಂದಿದ್ದೀನಿ, ಉಳ್ದಿದ್ದು ಇದ್ಕೇ ಓಗ್ಲಿ."

ಅವ್ವ ಗೋಡೆಗೊರಗಿಕೊಂಡು ಕೂತಳು. ಮೂರು ತಿಂಗಳಿಂದ ಅವಳ ಮುಖದಲ್ಲಿ ಇದ್ದ ಹೆದರಿಕೆ ಆ ಹೊತ್ತಿಗೆ ಹೋಯಿತು. ಅವಳು ಅತ್ತೆಯ ಕಾಲು ಮುಟ್ಟಿದಳು, ಅಜ್ಜಿ "ಸಾಕ್ ಏಳಮ್ಮಿ" ಎಂದು ಗದರಿಕೊಂಡಳು.

ಗೌರಿ ಹಬ್ಬದ ದಿನವೇ ತೊಟ್ಟಿಲಿಗೆ ಹಾಕಿದೆವು. ಅಜ್ಜಿ ಹೋದದ್ದು ಅದಾಗಿ ಹನ್ನೆರಡು ವರ್ಷಕ್ಕೆ, ಕೊಟ್ಟ ಆಯಸ್ಸನ್ನು ವಾಪಸು ತಗೊಂಡಳೋ ಏನೋ. ತಂಗಿಗೆ ಈಗ ಮೊಮ್ಮಕ್ಕಳಿದ್ದಾರೆ.

ಎಲ್ಲರೂ ಅವಳನ್ನು ಮರಿ ಎಂದೋ ತಾಯಮ್ಮ ಎಂದೋ ಕರೆದರು. ಅವ್ವನಿಗೆ ಮಾತ್ರ ಆಗಲಿಲ್ಲ. ಅತ್ತೆಯ ಹೆಸರನ್ನು ತುಂಡು ಮಾಡಿ ಹೇಳಿದರೂ ಅತ್ತೆಯ ಹೆಸರೇ. ಹೆತ್ತ ಮಗಳನ್ನು ಹಟ್ಟಿಯಿಂದಾಚೆ ಆಟಕ್ಕೆ ಹೋದಾಗ ಊಟಕ್ಕೆ ಕರೆಯಬೇಕಲ್ಲ, ಏನೆಂದು ಕೂಗುವುದು? ಅವ್ವ ಹೊಸ್ತಿಲ ಮೇಲೆ ನಿಂತು ಕೂಗುತ್ತಿದ್ದಳು, "ಮೋರಗಿ ತಂಗೀ, ಬಾವ್ವಾ" ಎಂದು. ಸಾಯುವ ತನಕ ಹಾಗೆಯೇ ಕೂಗಿದಳು. ನಾವಿಬ್ಬರೂ ಎದ್ದು ಹೋಗುತ್ತಿದ್ದೆವು.